ವಲ್ಲಿಯೊಳಗಿನ ಕೈ

18 ಫೆಬ್ರವರಿ 2007, ಭಾನುವಾರ

ಶಾಲೆಯ ಹಳೇ ಹಾಜರಿ ಪುಸ್ತಕಗಳಲ್ಲಿ ಉಳಿದಿದ್ದ ಖಾಲಿ ಹಾಳೆಗಳನ್ನು ಹೊಲಿದು ಈ ಪುಸ್ತಕ ಮಾಡಿಕೊಂಡೆ. ಇದರಲ್ಲಿ ಅಳು ಬರೆಯುವುದಿಲ್ಲ. ಏನಾಯಿತು, ಎಷ್ಟು ಹೊತ್ತಿಗೆ ಆಯಿತು, ಯಾರು ಏನು ಹೇಳಿದರು, ಅಷ್ಟೇ. ನನ್ನ ಗಂಡನನ್ನು ಇಲ್ಲಿ ರೋಗಿ ಎಂದೇ ಬರೆಯುತ್ತೇನೆ. ಬೇರೆ ಏನು ಬರೆದರೂ ಕೈ ಎಲ್ಲೆಲ್ಲಿಗೋ ಹೋಗುತ್ತದೆ.

ರೋಗಿಯ ಹೆಸರು ಹಾಲಸ್ವಾಮಿ. ವಯಸ್ಸು ನಲವತ್ತೊಂಬತ್ತು. ದನದ ದಲಾಲಿ. ಜನವರಿ ಒಂಬತ್ತರಂದು ಹರಪನಹಳ್ಳಿಯ ದನದ ಸಂತೆಯಲ್ಲಿ, ಬೆಳಿಗ್ಗೆ ಹತ್ತೂವರೆಗೆ, ಬಲಗೈ ಬಲಗಾಲು ಬಿದ್ದುಹೋದವು. ಜೊತೆಗಿದ್ದವರು ಅಣ್ಣ ಸುಂಕಪ್ಪ, ಅಂದರೆ ನನ್ನ ಭಾವ. ಖಾಲಿ ಹೊಟ್ಟೆಗೆ ಪಿತ್ತ ಏರಿದೆ ಎಂದುಕೊಂಡು ತಮ್ಮನನ್ನು ಹುಣಸೆ ಮರದ ಕೆಳಗೆ ಮಲಗಿಸಿ, ನೆತ್ತಿಗೆ ಈರುಳ್ಳಿ ರಸ ಹಚ್ಚಿ, ಅರ್ಧಕ್ಕೆ ನಿಂತಿದ್ದ ಒಂದು ಜೋಡಿ ಎತ್ತಿನ ವ್ಯಾಪಾರ ಮುಗಿಸಿ, ಮೂರು ಗಂಟೆಗೆ ದಾವಣಗೆರೆಗೆ ಹೊರಟರು. ನಾಲ್ಕೂವರೆ ಗಂಟೆ ಹಾಗೇ ಹೋಯಿತು. ಅಲ್ಲಿಯ ಡಾಕ್ಟರು ಇದನ್ನು ಕೇಳಿ ಬರೆಯುತ್ತಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು.

ರೋಗಿಗೆ ಉಳಿದಿರುವುದು ಒಂದೇ ಮಾತು: 'ಆತು'. ವ್ಯಾಪಾರ ಕುದುರಿದಾಗ ಅನ್ನುತ್ತಿದ್ದ ಮಾತು. ಚಹಾ ಬೇಕಾ ಅಂದರೆ ಆತು. ನೋವಾಗುತ್ತದಾ ಅಂದರೆ ಆತು. ನಾನು ಯಾರು ಅಂದರೆ ಅದಕ್ಕೂ ಆತು.

ಇವತ್ತು ನೋಡಲು ಬಂದವರು ಒಂಬತ್ತು ಮಂದಿ. ಎಲ್ಲರೂ ಸಂತೆಯವರು. ಕೊಟ್ಟೂರಿನ ನಮ್ಮ ಓಣಿಗೆ ಇಷ್ಟು ರುಮಾಲು ಎಂದೂ ಬಂದಿರಲಿಲ್ಲ. ಒಬ್ಬೊಬ್ಬರೂ ಹಾಸಿಗೆಯ ಪಕ್ಕ ಕೂತು, ಹೆಗಲ ಮೇಲಿನ ವಲ್ಲಿ ವಸ್ತ್ರವನ್ನು ತೆಗೆದು ರೋಗಿಯ ಬಲಗೈ ಮೇಲೆ ಹೊದಿಸಿ, ಅದರೊಳಗೆ ತಮ್ಮ ಕೈ ಇಡುತ್ತಿದ್ದರು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ವಲ್ಲಿಯೊಳಗೆ ಎರಡು ಕೈಗಳು ಮಾತಾಡುತ್ತವೆ. ಬೆರಳು ಹಿಡಿದರೆ ಬೆಲೆ, ಇಡೀ ಕೈಯನ್ನು ಬಿಗಿಯಾಗಿ ಹಿಡಿದರೆ ಒಪ್ಪಿಗೆ, ಕೈ ಬಿಚ್ಚಿ ಬಿಟ್ಟರೆ ವ್ಯಾಪಾರ ಮುರಿಯಿತು. ಹೊರಗೆ ನಿಂತವರಿಗೆ ಏನೂ ಕಾಣದು.

"ಹಾಲಸ್ವಾಮಿ, ಆರಾಮಾಗ್ತೀಯಿಲ್ಲೋ?" ಎಂದು ವಲ್ಲಿಯೊಳಗೆ ಕೇಳಿದ ಒಬ್ಬರು ಎದ್ದು ನಿಂತು, "ಹಿಡದಾನ! ಬಿಗಿಯಾಗಿ ಹಿಡದಾನ! ಕೈ ಎಲ್ಲೂ ಹೋಗಿಲ್ಲ ಬಿಡ್ರಿ" ಎಂದು ಕಣ್ಣೊರೆಸಿಕೊಂಡರು.

ಒಂಬತ್ತು ಜನರೂ ಹಾಗೇ ಅಂದರು. ಚಹಾ ಕುಡಿದ ಒಂಬತ್ತು ಲೋಟ ತೊಳೆದಿಟ್ಟೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ರಾತ್ರಿ ಓದುತ್ತಿರುವ ರಷ್ಯದ ಕಾದಂಬರಿಯ ಅನುವಾದ: 187ರಿಂದ 212ನೇ ಪುಟ.

20 ಫೆಬ್ರವರಿ

ವ್ಯಾಯಾಮ ಮಾಡಿಸಲು ಮೆಹನಾಜ ಎನ್ನುವ ಹುಡುಗಿ ಬಂದಳು. ಬಸ್ ನಿಲ್ದಾಣದ ಹಿಂದೆ ವೆಲ್ಡಿಂಗ್ ಅಂಗಡಿ ಇಟ್ಟಿರುವ ಅಬ್ದುಲ್ ಮಜೀದರ ಮಗಳು. ದಾವಣಗೆರೆಯಲ್ಲಿ ಫಿಸಿಯೋಥೆರಪಿ ಓದಿದ್ದಾಳೆ. ನಾನು ಗುಮಾಸ್ತೆಯಾಗಿರುವ ಹೈಸ್ಕೂಲಿನಲ್ಲೇ ಹತ್ತನೇ ತರಗತಿ ಮುಗಿಸಿದವಳು. ಅವಳ ವರ್ಗಾವಣೆ ಪತ್ರ ಬರೆದದ್ದು ನಾನೇ.

"ಎಣ್ಣಿ ತಿಕ್ಕೋದು ಬಿಡ್ರಿ ಮೇಡಂ. ಚರ್ಮ ಮಿಂಚತೈತಿ, ಅಷ್ಟ. ಕೆಲಸ ಆಗಬೇಕಾಗಿದ್ದು ಇಲ್ಲಿ" ಎಂದು ತನ್ನ ತಲೆ ಮುಟ್ಟಿಕೊಂಡಳು. "ಸತ್ತ ಜಾಗ ಸತ್ತೈತಿ. ಪಕ್ಕದ ಜಾಗಕ್ಕ ಆ ಕೆಲಸ ಕಲಸಬೇಕು. ಸಾವಿರ ಸಲ ಮಾಡಿದ್ರ ಒಂದು ಸಲ ಕಲೀತೈತಿ."

"ಸಾವಿರ ಅಂದ್ರ ಸಾವಿರಾನಾ?"

"ಎಣಿಸೋರು ಬೇಕ್ರಿ."

"ಎಣಿಸೋದು ನನಗ ಬರತೈತಿ" ಎಂದೆ.

14 ಮಾರ್ಚ್

ಬೆಳಿಗ್ಗೆ ಶಾಲೆಗೆ ಹೋಗುವ ಮುನ್ನ ನೂರು, ಬಂದ ಮೇಲೆ ನೂರೈವತ್ತು. ಭುಜ ಎತ್ತುವುದು, ಮೊಣಕೈ ಚಾಚುವುದು, ಬೆರಳು ಬಿಚ್ಚುವುದು. ಮೆಹನಾಜ ರಬ್ಬರ್ ಚೆಂಡು ತಂದಿದ್ದಳು. ರೋಗಿ ಅದನ್ನು ಎಸೆದರು, ಎಡಗೈಯಲ್ಲಿ. ಅವಳು ಹಿತ್ತಲಿಗೆ ಹೋಗಿ ಎತ್ತು ಕಟ್ಟುವ ಒಂದು ಹಳೇ ದಾವಣಿ ಹಗ್ಗ ತಂದು ಬಲಗೈಯಲ್ಲಿಟ್ಟಳು. ರೋಗಿ ಅದನ್ನು ಬಹಳ ಹೊತ್ತು ನೋಡಿದರು. ಎಸೆಯಲಿಲ್ಲ.

ಕಾದಂಬರಿಯಲ್ಲಿ ರಷ್ಯದವರು ಮಾತು ಮಾತಿಗೆ 'ಭುಜ ಕುಣಿಸಿದನು'. ಅನುವಾದಕರು ಹಾಗೇ ಬರೆದುಬಿಟ್ಟಿದ್ದಾರೆ. ಕೊಟ್ಟೂರಿನಲ್ಲಿ ಭುಜ ಕುಣಿಸುವವರನ್ನು ನಾನು ಕಂಡಿಲ್ಲ ಎಂದು ಪ್ರತಿ ಸಲ ಸಿಟ್ಟು ಬರುತ್ತಿತ್ತು. ಇವತ್ತು ರೋಗಿ ಭುಜ ಎತ್ತಿ ಇಳಿಸಿದ್ದನ್ನು ಎಪ್ಪತ್ತು ಸಲ ನೋಡಿದೆ. ಪದ ಸರಿಯಾಗಿಯೇ ಇದೆ.

ಬೆರಳು ಬಿಚ್ಚಿದ್ದು: ತೋರುಬೆರಳು ಅರ್ಧ. ಆರು ಸಲ. ಕಾದಂಬರಿ: ಇನ್ನೂ 212ನೇ ಪುಟ.

25 ಮಾರ್ಚ್, ಭಾನುವಾರ

ಭಾವ ಬಂದರು. ಕೈಯಲ್ಲಿ ಬಣ್ಣದ ಕಾಗದ. ಬೆಂಗಳೂರಿನ ಯಾವುದೋ ಖಾಸಗಿ ಕೇಂದ್ರ. ಸ್ಟೆಮ್ ಸೆಲ್ ಚಿಕಿತ್ಸೆ. ರೋಗಿಯ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು, ಅದರೊಳಗಿನ ಮೂಲ ಕಣಗಳನ್ನು ಬೇರೆ ಮಾಡಿ, ಬೆನ್ನುಹುರಿಯ ನೀರಿಗೆ ಚುಚ್ಚುತ್ತಾರಂತೆ. ಅವು ಮೆದುಳಿಗೆ ಹೋಗಿ ಸತ್ತ ಜಾಗವನ್ನು ಹೊಸದು ಮಾಡುತ್ತವಂತೆ.

"ಆಕಳಿಗೆ ಬೀಜದ ಇಂಜೆಕ್ಷನ್ ಕೊಡಂಗಿಲ್ಲೇನು ತಂಗಿ, ಹಂಗ ಇದು. ಇವನ ಬೀಜ ಇವನಿಗೇ" ಎಂದರು.

"ಭಾವಾರ, ಅವರು ಆಕಳಲ್ಲ."

"ಅಲ್ಲವಾ, ತಿಳೀಲಿ ಅಂತ ಅಂದೆ. ಹುಡುಗಿ ವ್ಯಾಯಾಮನೂ ಮಾಡಸ್ಲಿ, ಇಂಜೆಕ್ಷನ್ನೂ ಆಗ್ಲಿ. ಎರಡೂ ಕೂಡಿದ್ರ ಲಗೂನ ಎದ್ದು ನಿಲ್ತಾನ ಅಂತ ಇದರಾಗ ಬರದಾರ ನೋಡು."

ಕಾಗದದಲ್ಲಿ ಹಾಗೇ ಇತ್ತು. ಬರೆದವರು ಯಾರು, ಎಷ್ಟು ಜನರಿಗೆ ಮಾಡಿದ್ದಾರೆ, ಎಷ್ಟು ಜನ ಎದ್ದು ನಿಂತಿದ್ದಾರೆ ಎಂಬುದಿರಲಿಲ್ಲ. ನಾನು ಬೇಡ ಎಂದೆ. ಭಾವ ನನ್ನ ಜೊತೆ ವಾದಿಸಲಿಲ್ಲ. ಹಾಸಿಗೆಯ ಹತ್ತಿರ ಹೋಗಿ ವಲ್ಲಿ ಹೊದಿಸಿ, ತಮ್ಮನ ಕೈಯಲ್ಲಿ ಕೈ ಇಟ್ಟು, "ಏನಲೇ ತಮ್ಮಾ, ಬೆಂಗ್ಳೂರಿಗೆ ಹೋಗಾಣೇನು?" ಎಂದರು.

"ಆತು" ಎಂದರು ರೋಗಿ.

"ಬಾಯಾಗೂ ಅಂದ, ಕೈಯಾಗೂ ಅಂದ. ನಂಬಿಕಿ ಇಲ್ಲಂದ್ರ ನೀನ ಕೈ ಇಟ್ಟು ನೋಡವಾ."

ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಆ ವಲ್ಲಿಯೊಳಗೆ ನಾನು ಕೈ ಇಟ್ಟವಳಲ್ಲ. ಹೆಂಗಸರು ಇಡುವುದಿಲ್ಲ. ಇಟ್ಟೆ. "ಹೋಗಬೇಕೇನ್ರಿ?" ಎಂದೆ. ನನ್ನ ನಾಲ್ಕೂ ಬೆರಳುಗಳನ್ನು ಹಿಡಿದ ಬಿಗಿ ಎಷ್ಟಿತ್ತೆಂದರೆ ಉಂಗುರದ ಗುರುತು ಈಗಲೂ ಇದೆ.

ಒಪ್ಪಿಕೊಂಡೆ. ಖರ್ಚು ಭಾವನದು. ಆ ಮಾತು ಇಲ್ಲಿ ಬೇಡ.

ಪುಟ ಓದಲಿಲ್ಲ.

27 ಮಾರ್ಚ್

ಮೆಹನಾಜಳಿಗೆ ಹೇಳಿದೆ. ಅವಳು ಹಗ್ಗ ಸುತ್ತುತ್ತಿದ್ದ ಕೈ ನಿಲ್ಲಿಸಿದಳು.

"ಸುಳ್ಳು ಅಂತ ನಾನು ಹೇಳಂಗಿಲ್ಲ ಮೇಡಂ. ಪ್ರಯೋಗ ನಡದಾವ, ಓದೀನಿ. ನಾಳೆ ಖರೇನ ಉಪಯೋಗ ಆದ್ರೂ ಆಗಬಹುದು. ಆದ್ರ ಪ್ರಯೋಗ ಮಾಡೋರು 'ಗೊತ್ತಿಲ್ಲ, ನೋಡ್ತೀವಿ' ಅಂತಾರ. ಇವರು 'ಆಗೇ ಆಗತೈತಿ' ಅನ್ನಾಕತ್ಯಾರ."

"ಅವರು ಒಪ್ಯಾರ" ಎಂದೆ. ಹೇಗೆ ಒಪ್ಪಿದರು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

17 ಏಪ್ರಿಲ್, ಬೆಂಗಳೂರು

ನಿನ್ನೆ ಹನ್ನೊಂದು ಪುಟದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಇಂಗ್ಲಿಷಿನಲ್ಲಿತ್ತು. ಮೂರು ಪುಟ ಓದಿದೆ. ಅಷ್ಟರಲ್ಲಿ ಕೇಂದ್ರದ ಸಂಯೋಜಕ ಪ್ರವೀಣಕುಮಾರ್ ಎನ್ನುವವನು "ಮೇಡಂ, ಥಿಯೇಟರ್ ರೆಡಿ ಇದೆ" ಎಂದ. ಮುದ್ರಣದೋಷ ಕಂಡರೆ ಅನುವಾದಕರಿಗೆ ಕಾರ್ಡು ಬರೆಯುವವಳು ನಾನು. ಎಂಟು ಪುಟ ಬಿಟ್ಟು ಸಹಿ ಹಾಕಿದೆ.

ಇವತ್ತು ಬೆಳಿಗ್ಗೆ ಚುಚ್ಚಿದರು. ಬಾಗಿಲಾಚೆ ನಿಂತಿದ್ದೆ. ಒಳಗಿಂದ ರೋಗಿಯ ದನಿ: "ಆತು, ಆತು, ಆತು, ಆತು." ನರ್ಸೊಬ್ಬಳು ನಕ್ಕು, "ಎಷ್ಟು ಕೋಆಪರೇಟ್ ಮಾಡ್ತಾರೆ ನಿಮ್ಮ ಯಜಮಾನ್ರು" ಎಂದಳು.

ಇಪ್ಪತ್ತೊಂದು ದಿನ ಪೂರ್ತಿ ವಿಶ್ರಾಂತಿ. ವ್ಯಾಯಾಮ ಕೂಡದು. ಕಣಗಳು ಬೇರು ಬಿಡಬೇಕಂತೆ. ಕಾಗದದಲ್ಲಿ ಎರಡೂ ಕೂಡಿ ಎಂದು ಬರೆದಿತ್ತಲ್ಲ ಎಂದು ಕೇಳಿದೆ. "ಅದು ಆಮೇಲೆ ಮೇಡಂ" ಎಂದ ಪ್ರವೀಣಕುಮಾರ್.

28 ಏಪ್ರಿಲ್, ಕೊಟ್ಟೂರು

ಹನ್ನೊಂದನೇ ದಿನ. ಬಲಗೈ ಮುಷ್ಟಿ ಕಟ್ಟಿದೆ. ಹೆಬ್ಬೆರಳು ಒಳಗೆ ಸಿಕ್ಕಿದೆ. ಬೆರಳು ಬಿಡಿಸಲು ಹೋದರೆ ಮುಖ ಕಿವುಚುತ್ತಾರೆ.

ಕೇಂದ್ರಕ್ಕೆ ಫೋನು ಮಾಡಿದೆ. ಒಳ್ಳೆಯ ಲಕ್ಷಣವಂತೆ. ಶಕ್ತಿ ಬರುತ್ತಿದೆಯಂತೆ.

3 ಮೇ

ಉಗುರು ಅಂಗೈಗೆ ನಾಟಿದೆ. ರಕ್ತ.

8 ಮೇ, ಮಂಗಳವಾರ

ಇಪ್ಪತ್ತೊಂದು ದಿನ ಮುಗಿಯಿತು. ಮೆಹನಾಜ ಬಂದಳು. ಕೈ ನೋಡಿದಳು. ಸ್ಕೂಟಿಯ ಕೀಲಿಯನ್ನು ಕಿಟಕಿಯ ಮೇಲಿಟ್ಟಳು, ಮತ್ತೆ ತೆಗೆದುಕೊಂಡಳು, ಮತ್ತೆ ಇಟ್ಟಳು.

"ಯಾರು ಹೇಳಿದ್ರು ನಿಲ್ಲಸಾಕ?"

ಹೇಳಿದೆ.

"ಎರಡು ತಿಂಗಳದ್ದು ಹೋತಲ್ರೀ ಮೇಡಂ! ನನಗೊಂದು ಫೋನು ಮಾಡಬಾರದಾ?"

ಅವಳ ಸಿಟ್ಟು ನೋಡಿ ನನಗೂ ಸಿಟ್ಟು ಬಂತು. "ಅವರು ಒಪ್ಪಿದ್ರು. ಹೋಗಾಣೇನು ಅಂತ ಕೇಳಿದ್ರ ನನ್ನ ಕೈ ಹಿಂಗ ಹಿಡದ್ರು. ಬಾ, ನೋಡು" ಎಂದು ವಲ್ಲಿ ಹೊದಿಸಿ ಕೈ ಇಟ್ಟು ತೋರಿಸಿದೆ. ಹಿಡಿದರು.

ಮೆಹನಾಜ ನನ್ನನ್ನೇ ನೋಡಿದಳು. ಆಮೇಲೆ ಅಡಿಗೆಮನೆಗೆ ಹೋಗಿ ಲಟ್ಟಣಿಗೆ ತಂದಳು. ನನ್ನ ಕೈ ಬಿಡಿಸಿ ಆ ಜಾಗದಲ್ಲಿ ಲಟ್ಟಣಿಗೆ ಇಟ್ಟಳು. ಹಿಡಿದರು. ಅಷ್ಟೇ ಬಿಗಿಯಾಗಿ ಹಿಡಿದರು.

"ಇದಕ್ಕೂ ಒಪ್ಯಾರಲ್ರಿ" ಎಂದಳು. ದನಿ ಸಣ್ಣದಾಗಿತ್ತು. "ಅಂಗೈಗೆ ಏನು ತಾಗಿದ್ರೂ ಹಿಡಿತೈತ್ರಿ ಆ ಕೈ. ಅದು ಉತ್ತರ ಅಲ್ಲ. ಬಿಗಿ, ಅಷ್ಟ. ಹಿಡಿಯೋದು ಅವರ ಕೈಯಾಗಿಲ್ಲ. ಬಿಡೋದು ಬಂದ್ರ, ಅದು ಅವರದು."

ಅವಳನ್ನು ಹೊರಗೆ ಹೋಗು ಎಂದೆ. ಹೋದಳು.

ಲಟ್ಟಣಿಗೆ ಹಿಡಿದು ಮಲಗಿದ್ದರು. ನನ್ನನ್ನು ನೋಡುತ್ತಿದ್ದರು. ಒಂಬತ್ತು ದಲಾಲಿಗಳು, ಒಬ್ಬ ಅಣ್ಣ, ಒಬ್ಬ ಹೆಂಡತಿ, ಎಲ್ಲರೂ ಕಟ್ಟಿಗೆಗೆ ಸಿಕ್ಕ ಒಪ್ಪಿಗೆಯನ್ನೇ ಪಡೆದೆವು. ನಾನು ಉಂಗುರದ ಗುರುತನ್ನು ಎರಡು ದಿನ ನೋಡಿಕೊಂಡಿದ್ದೆ. ಹಾಗೆ ನೋಡಿಕೊಂಡದ್ದನ್ನು ಬರೆದಿರಲಿಲ್ಲ. ಇವತ್ತು ಬರೆಯುತ್ತೇನೆ, ನಾಚಿಕೆಯಾಗಲಿ.

ಬಾಯಿಗೆ ಆತು ಬಿಟ್ಟರೆ ಬೇರೆ ಇಲ್ಲ. ಕೈಗೆ ಹಿಡಿಯುವುದು ಬಿಟ್ಟರೆ ಬೇರೆ ಇಲ್ಲ. ಹಾಗಾದರೆ ಬೆಂಗಳೂರಿನಲ್ಲಿ ಬೆನ್ನಿಗೆ ಸೂಜಿ ಇಳಿಯುವಾಗ ನಾಲ್ಕು ಸಲ ಕೂಗಿದ್ದು ಏನು? ನಾನು ಬಾಗಿಲಾಚೆ ನಿಂತು ಕೇಳಿಸಿಕೊಂಡದ್ದು ಏನು?

ಸಂಜೆ ಮಜೀದರ ಅಂಗಡಿಗೆ ನಡೆದುಹೋಗಿ ಮೆಹನಾಜಳನ್ನು ಕರೆದೆ. ಕ್ಷಮಿಸು ಎನ್ನಲಿಲ್ಲ. "ನಾಳೆ ಎಷ್ಟು ಗಂಟೆಗೆ ಬರ್ತಿ?" ಎಂದೆ. "ಏಳಕ್ಕ" ಎಂದಳು.

9 ಮೇ

ಬೆರಳು ಬಿಚ್ಚಿದ್ದು: ಇಲ್ಲ.

10 ಮೇ

ಇಲ್ಲ.

22 ಮೇ

ಇಲ್ಲ. ಬಿಸಿನೀರು, ಹಗ್ಗ, ಮುನ್ನೂರು ಸಲ. ಇವರ ಬೆವರು, ನನ್ನ ಬೆವರು. ಕೊನೆಗೆ ಸಿಟ್ಟು ಬಂದು ಇವರ ಕೈಯನ್ನು ಹಾಸಿಗೆಗೆ ಹೊಡೆದೆ. ಆತು ಎಂದರು. ಹೊರಗೆ ಹೋಗಿ ನಿಂತು, ಬಂದು, ಮುನ್ನೂರೊಂದರಿಂದ ಮುಂದುವರಿಸಿದೆ.

11 ಜೂನ್

ಮಜೀದರು ಪೈಪು ಬೆಸುಗೆ ಹಾಕಿ ಎರಡು ಕಡೆ ಹಿಡಿದು ನಡೆಯುವ ಕಂಬಿ ಮಾಡಿಕೊಂಡು ಬಂದು ಪಡಸಾಲೆಯಲ್ಲಿ ನೆಟ್ಟರು. "ಹಾಲಸ್ವಾಮಿ, ಇದು ಹೋರಿ ಕಟ್ಟೋ ಗ್ವಾದಲಿ ಅಲ್ಲಪ, ನೀನು ನಡಿಯೋದು. ಮುರದ್ರ ಮತ್ತ ಬೆಸಿತೀನಿ, ಹೆದರಬ್ಯಾಡ" ಎಂದರು. ಇವರು ನಕ್ಕರು. ಬಾಯಿ ಎಡಕ್ಕೆ ಮಾತ್ರ ಹೋಗುತ್ತದೆ, ಆದರೂ ನಗೆ.

ನಾಲ್ಕು ಹೆಜ್ಜೆ. ಬೆರಳು: ತೋರುಬೆರಳು, ಮಧ್ಯದ ಬೆರಳು. ಎರಡು ಸಲ.

15 ಜುಲೈ, ಭಾನುವಾರ

ಕಂಬಿ ಬಿಟ್ಟು ಬಾಗಿಲತನಕ ಹನ್ನೆರಡು ಹೆಜ್ಜೆ. ಬೆರಳು ನಾಲ್ಕೂ, ಪೂರ್ತಿಯಲ್ಲ, ಹದಿನೇಳು ಸಲ. ಹೆಬ್ಬೆರಳು ಮೂರು ಸಲ. ಆದರೆ ಅಭ್ಯಾಸಕ್ಕೆ ಕೂತಾಗ ಮಾತ್ರ. ಯಾರಾದರೂ ಬಂದರೆ, ಅವಸರ ಮಾಡಿದರೆ, ಮತ್ತೆ ಮುಷ್ಟಿ.

ಭಾವ ಬಂದು ನೋಡಿದರು. ಬಾಗಿಲಲ್ಲೇ ಕೈ ಮುಗಿದರು. ಆಮೇಲೆ ಅಂದರು: "ನೋಡಿದ್ಯಾ ತಂಗಿ, ಇಂಜೆಕ್ಷನ್ ಹೆಂಗ ಹತ್ತೈತಿ! ನಾ ಅನ್ಲಿಲ್ಲಾ?"

ಒಲೆಯ ಮೇಲೆ ಹಾಲಿತ್ತು. ಅದನ್ನು ಇಳಿಸಿ ಬಂದು ಹೇಳಿದೆ.

"ಇಂಜೆಕ್ಷನ್ ಆದ ಮ್ಯಾಲೆ ಇಪ್ಪತ್ತೊಂದು ದಿನ ಕೈ ಕಲ್ಲಾಗಿತ್ತು ಭಾವಾರ. ಎದ್ದಿದ್ದು ಮೆಹನಾಜ ಬಂದ ಮ್ಯಾಲೆ. ಅರವತ್ತೆಂಟು ದಿನ. ದಿನಕ್ಕ ಮುನ್ನೂರು. ಬರದೀನಿ, ತೋರಸ್ಲೇನು?"

"ಆ ಬುಕ್ಕು ಇರ್ಲಿ ಬಿಡವಾ. ಪ್ರವೀಣಕುಮಾರ್ ಫೋನು ಮಾಡಿದ್ದ. ಎರಡನೇ ಡೋಸ್ ಆದ್ರ ಮಾತು ಬರತೈತಂತ. ಮುಂದಿನ ತಿಂಗಳ ಹರಪನಹಳ್ಯಾಗ ಶಿಬಿರ ಐತಿ. ಇವನ್ನ ಕರ್ಕೊಂಡು ಬರ್ರಿ, ನಾಕು ಮಂದಿಗೆ ತೋರಸಾಣ ಅಂದಾನ. ಅಲ್ಲಿಂದ ಅವರ ಗಾಡ್ಯಾಗ ಸೀದಾ ಬೆಂಗ್ಳೂರು."

"ಅವರು ಸಂತಿ ಹೋರಿ ಅಲ್ಲ, ಹಲ್ಲು ಬಿಡಿಸಿ ತೋರಸಾಕ."

"ಅನ್ನದಾನಮ್ಮ, ಅವನು ನನ್ನ ತಮ್ಮ."

"ತಮ್ಮ ಅಂತ ಆವತ್ತು ನೆನಪಿರಲಿಲ್ಲೇನ್ರಿ? ಮರದ ಬುಡಕ ಮಲಗಿಸಿ ಎತ್ತು ಮಾರಿದ್ರಲ್ಲ, ನಾಕೂವರಿ ತಾಸು!"

ಆರು ತಿಂಗಳಿಂದ ಬಾಯೊಳಗಿಟ್ಟಿದ್ದ ಮಾತು. ಆಡಿದ ಮೇಲೆ ಹಗುರವಾಗುತ್ತದೆಂದು ತಿಳಿದಿದ್ದೆ. ಆಗಲಿಲ್ಲ. ಭಾವ ನಿಂತಲ್ಲೇ ಕುಸಿದು ಕಂಬಿ ಹಿಡಿದು ಕೂತರು. "ವಲ್ಲ್ಯಾಗ ಮಾತು ಕೊಟ್ಟಿದ್ನವಾ" ಎಂದರು. "ಅರ್ಧಕ್ಕ ಬಿಟ್ಟು ಹೆಂಗ ಏಳಲಿ? ಪಿತ್ತ ಅಂತನ ತಿಳದಿದ್ದೆ. ದಿನಾ ಆ ಮರ ಕಣ್ಮುಂದ ಬರತೈತಿ. ಅವನು ಎದ್ದು ಒಂದ ಒಂದು ಸಲ ನನ್ನ ಬೈದ್ರ ಸಾಕು. ಅದಕ್ಕ ಮಾತು ಬರ್ಲಿ ಅಂತೀನಿ."

ನನಗೆ ಕನಿಕರ ಬರಲಿಲ್ಲ. ಹಾಲು ಕಾದಿತ್ತು, ಸಕ್ಕರೆ ಹಾಕದೆ ಚಹಾ ಮಾಡಿ ಕೊಟ್ಟೆ. ಅವರಿಗೆ ಸಕ್ಕರೆ ಕಾಯಿಲೆ. ಕುಡಿದು ಹೋದರು. ಶಿಬಿರದ ಮಾತನ್ನು ಮಾತ್ರ ಬಿಡಲಿಲ್ಲ.

29 ಜುಲೈ

ಇವರ ಎದುರು ಕುರ್ಚಿ ಹಾಕಿಕೊಂಡು ಕೂತು ಎಲ್ಲವನ್ನೂ ಹೇಳಿದೆ. ಮಜ್ಜೆ ಎಂದರೇನು, ಎಲ್ಲಿಂದ ತೆಗೆದರು, ಎಲ್ಲಿ ಚುಚ್ಚಿದರು, ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ. ಏಪ್ರಿಲಿನಲ್ಲಿ ಹೇಳಬೇಕಾಗಿದ್ದದ್ದು. ಆಗ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಕೇಳುತ್ತಾ ಬಲಗಾಲಿನ ಮೇಲೆ ಎಡಗೈ ಇಟ್ಟುಕೊಂಡಿದ್ದರು. ಸೂಜಿಯ ಮಾತು ಬಂದಾಗ ಎಡಗೈ ಸೊಂಟಕ್ಕೆ ಹೋಯಿತು.

"ಬೇಕಂದ್ರ ಹಿಡೀರಿ. ಬ್ಯಾಡಂದ್ರ ಬಿಡ್ರಿ. ನೀವು ಹೇಳಿದಂಗ ಆಗತೈತಿ" ಎಂದು ಕೈ ಇಟ್ಟೆ.

ಹಿಡಿದರು. ಬಿಡಲು ಹೊರಟಿದ್ದು ಕಾಣುತ್ತಿತ್ತು. ಹಣೆಯ ನರ ಎದ್ದಿತ್ತು. ಕೈ ಬಿಡಲಿಲ್ಲ.

"ಇಪ್ಪತ್ತೆರಡು ವರ್ಷ ನಾನು ಏನು ಕೇಳಿದ್ರೂ ಇಲ್ಲ ಅಂದ್ರಿ. ತವರುಮನಿಗೆ ಹೋಗಬೇಕಂದ್ರ ಇಲ್ಲ, ಪುಸ್ತಕದ ಕಪಾಟು ಬೇಕಂದ್ರ ಇಲ್ಲ. ಈಗ ಒಂದು ಸಲ ಅನ್ರೀ!"

"ಆತು" ಎಂದರು. ಕಣ್ಣಲ್ಲಿ ನೀರಿತ್ತು. ಅಥವಾ ನಗೆ. ಬಾಯಿ ಎಡಕ್ಕೆ ಹೋಗಿತ್ತು.

12 ಆಗಸ್ಟ್

ಭಾವ ಮತ್ತೆ ಬಂದರು. ಗಾಡಿ ಗೊತ್ತುಮಾಡಿದ್ದಾರಂತೆ. ನಾನು ಹೇಳಿದೆ: "ಬರ್ತೀವಿ. ಆದ್ರ ನಿಮ್ಮ ಸಂತಿ ನಿಯಮ ಐತಲ್ಲ, ಅದರಂಗ ಆಗ್ಲಿ. ಅಲ್ಲೇ, ಎಲ್ಲರ ಮುಂದ, ನೀವ ವಲ್ಲ್ಯಾಗ ಕೇಳ್ರಿ. ಹಿಡದ್ರ ಕರ್ಕೊಂಡು ಹೋಗ್ರಿ, ನಾನು ತಡಿಯಂಗಿಲ್ಲ. ಬಿಟ್ರ, ಈ ಮನ್ಯಾಗ ಇಂಜೆಕ್ಷನ್ ಮಾತು ಮತ್ತ ಬರಬಾರದು."

"ಆಗ್ಲಿ" ಎಂದರು ಭಾವ. ಬೇಗನೆ ಒಪ್ಪಿದರು. ಹಿಡಿಯುತ್ತಾನೆ ಎಂದು ಅವರಿಗೆ ಗೊತ್ತು.

ಮೆಹನಾಜ ಕೇಳಿ ತಲೆ ಹಿಡಿದುಕೊಂಡಳು. "ಏನು ಮಾಡಿದ್ರಿ ಮೇಡಂ? ಮಂದಿ ಮುಂದ ಆ ಕೈ ಇನ್ನೂ ಬಿಗಿ ಆಗತೈತಿ. ಮನ್ಯಾಗ ಹತ್ತರಾಗ ನಾಕು ಸಲ ಬಿಡ್ತಾರ, ಅಲ್ಲಿ ಒಂದೂ ಇಲ್ಲ."

"ಹತ್ತರಾಗ ಐದು" ಎಂದೆ. "ಇವತ್ತು ಬೆಳಿಗ್ಗೆ."

15 ಆಗಸ್ಟ್

ಶಾಲೆಯಲ್ಲಿ ಧ್ವಜ ಏರಿಸಿ ಬೇಗ ಬಂದೆ. ಐನೂರು ಸಲ. ಓಣಿಯ ಕರಿಯಕ್ಕ, ಅವಳ ಸೊಸೆ, ಹಾಲು ಹಾಕುವವನು, ಯಾರು ಸಿಕ್ಕರೂ ಕರೆದು ಎದುರಿಗೆ ಕೂರಿಸಿದೆ, ಮಂದಿಯ ಅಭ್ಯಾಸವಾಗಲಿ ಎಂದು. ಕರಿಯಕ್ಕ, "ನಮ್ಮನ್ಯಾಕ ಕುಂದರಿಸ್ಯಾಳ ಈಕಿ, ನಾಟಕ ಐತೇನು?" ಎಂದಳು. ಹೌದು, ಎಂದೆ.

ಹತ್ತರಲ್ಲಿ ಎರಡು.

19 ಆಗಸ್ಟ್, ಭಾನುವಾರ

ಹರಪನಹಳ್ಳಿಯ ಒಂದು ಕಲ್ಯಾಣ ಮಂಟಪ. ಗಾಲಿಕುರ್ಚಿಗಳು, ಮಂಚಗಳು, ಮಗನ ಬೆನ್ನ ಮೇಲೆ ಬಂದ ಒಬ್ಬ ತಾಯಿ. ಹಲವಾಗಲಿನಿಂದ, ನೀಲಗುಂದದಿಂದ, ಹಡಗಲಿ ಕಡೆಯಿಂದ ಬಂದವರು. ನೂರಕ್ಕೆ ಕಡಿಮೆಯಿಲ್ಲ. ಎಲ್ಲರ ಕೈಯಲ್ಲೂ ಅದೇ ಬಣ್ಣದ ಕಾಗದ. ಅದನ್ನು ನೋಡಿದಾಗ ನನಗೆ ಬಂದ ಸಿಟ್ಟು ಇಂಥದ್ದೆಂದು ಬರೆಯಲು ಬರುತ್ತಿಲ್ಲ.

ಇವರು ಮೆಹನಾಜಳ ಭುಜ ಹಿಡಿದು ಮೂರು ಮೆಟ್ಟಿಲು ಹತ್ತಿದರು. ಪ್ರವೀಣಕುಮಾರ್ ಮೈಕಿನಲ್ಲಿ, "ಆರು ತಿಂಗಳು ಹಾಸಿಗೆ ಹಿಡಿದಿದ್ದವರು, ನಮ್ಮ ಒಂದೇ ಡೋಸ್‌ಗೆ ನಡೆದು ಬಂದಿದ್ದಾರೆ, ನೋಡಿ!" ಎಂದ. ಜನ ಚಪ್ಪಾಳೆ ತಟ್ಟಿದರು. ಮೆಹನಾಜಳ ಭುಜದ ಮೇಲಿದ್ದ ಬಲಗೈ ಅವಳ ದುಪಟ್ಟಾವನ್ನು ಮುಷ್ಟಿ ಕಟ್ಟಿ ಹಿಡಿದಿತ್ತು. ಕೂತ ಮೇಲೆ ಅವಳು ಒಂದೊಂದೇ ಬೆರಳು ಬಿಡಿಸಬೇಕಾಯಿತು.

"ಎರಡನೇ ಡೋಸ್‌ಗೆ ಇವತ್ತೇ ಹೊರಡ್ತಾ ಇದ್ದಾರೆ" ಎಂದ ಪ್ರವೀಣಕುಮಾರ್.

"ತಡೀರಿ" ಎಂದರು ಭಾವ. "ಅವನ್ನ ಕೇಳಬೇಕು. ಮಾತಾಗೈತಿ."

ಕುರ್ಚಿ ಎಳೆದುಕೊಂಡು ತಮ್ಮನ ಎದುರು ಕೂತರು. ಹೆಗಲ ವಲ್ಲಿ ತೆಗೆದು, ಒಂದು ಸಲ ಝಾಡಿಸಿ, ಇಬ್ಬರ ಕೈ ಮೇಲೆ ಹೊದಿಸಿದರು. ನೋಡಲು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ಸಂತೆಯವರು ಒಮ್ಮೆಲೇ ಮುಂದಕ್ಕೆ ಬಾಗಿದರು. ಅವರನ್ನು ನೋಡಿ ಹಿಂದಿನವರು ಎದ್ದು ನಿಂತರು.

"ಹಾಲಸ್ವಾಮಿ, ಇನ್ನೊಂದು ಸೂಜಿ ಹಾಕಸಾಣೇನಪ?"

"ಆತು."

ಪ್ರವೀಣಕುಮಾರ್ ಮೈಕು ಎತ್ತಿದ. ಭಾವ ಎಡಗೈ ಅಡ್ಡ ಹಿಡಿದರು. "ಬಾಯಿ ಮಾತು ಲೆಕ್ಕಕ್ಕಿಲ್ಲ."

ನಾನು ಎಣಿಸಿದೆ. ಇಪ್ಪತ್ತು. ಮೂವತ್ತು. ವಲ್ಲಿ ಅಲುಗಲಿಲ್ಲ. ಇವರ ಹಣೆಯ ನರ ಎದ್ದಿತು. ಬಲಭುಜ ಮೇಲೆ ಹೋಯಿತು, ಇಳಿಯಿತು. ನಲವತ್ತು. ಮೆಹನಾಜ ತುಟಿ ಅಲುಗಿಸದೆ, "ಉಸಿರು ಬಿಡ್ರಿ ಕಾಕಾರ, ಉಸಿರು ಬಿಡ್ರಿ" ಎನ್ನುತ್ತಿದ್ದಳು. ಐವತ್ತಾರರಲ್ಲಿ ಭಾವನ ಮುಖ ಬದಲಾಯಿತು.

ಆಗ ನನಗೆ ಹೊಳೆಯಿತು: ವಲ್ಲಿಯೊಳಗೆ ಆದದ್ದು ಭಾವನಿಗೆ ಮಾತ್ರ ಗೊತ್ತು. ಬಿಟ್ಟಿದ್ದರೂ ಅವರು 'ಹಿಡಿದ' ಎಂದುಬಿಟ್ಟರೆ ಮುಗಿಯಿತು. ನಿಯಮ ಹಾಕಿದವಳು ನಾನೇ. ಇವರನ್ನು ಇಡಿಯಾಗಿ ಆ ನಾಲ್ಕೂವರೆ ಗಂಟೆಯ ಮನುಷ್ಯನ ಕೈಗೆ ಕೊಟ್ಟು ಕೂತಿದ್ದೆ.

ಭಾವ ತಮ್ಮನ ಮುಖವನ್ನೇ ನೋಡುತ್ತಿದ್ದರು. ಕೇಂದ್ರದವನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

"ಬಿಟ್ಟಾನ" ಎಂದರು.

"ಏನಂದ್ರಿ?" ಎಂದ ಪ್ರವೀಣಕುಮಾರ್.

"ಕೈ ಬಿಟ್ಟಾನ. ವ್ಯಾಪಾರ ಮುರೀತು."

"ಸರ್, ಅದು ಬೆರಳು ವೀಕ್ ಇರೋದ್ರಿಂದ ಜಾರಿರುತ್ತೆ. ಇನ್ನೊಂದು ಸಲ ಕೇಳಿ."

ಭಾವ ಎದ್ದು ನಿಂತರು. "ಎರಡನೇ ಸಲ ಕೇಳೋದು ನಮ್ಮಲ್ಲಿಲ್ಲ. ನಲವತ್ತು ವರ್ಷ ಆತು, ವಲ್ಲ್ಯಾಗಿನ ಮಾತು ಹೊರಗ ಸುಳ್ಳು ಹೇಳಿಲ್ಲ. ನಿಮ್ಮ ಸಲುವಾಗಿ ಹೇಳಬೇಕೇನು?" ಎಂದು ವಲ್ಲಿಯನ್ನು ಸರಕ್ಕನೆ ಎಳೆದರು.

ಬಲಗೈ ಇವರ ತೊಡೆಯ ಮೇಲಿತ್ತು. ಅಂಗೈ ಮೇಲಾಗಿ, ಐದೂ ಬೆರಳು ಬಿಚ್ಚಿ. ಹೆಬ್ಬೆರಳೂ ಹೊರಗಿತ್ತು. ಉಗುರು ನಾಟಿದ ಗಾಯದ ನಾಲ್ಕು ಕಲೆಗಳು ಮುಂದಿನ ಸಾಲಿಗೂ ಕಾಣುತ್ತಿದ್ದವು.

"ಆತು" ಎಂದರು ಇವರು, ಜೋರಾಗಿ.

ಸಂತೆಯವರು ಹೋ ಎಂದು ನಕ್ಕುಬಿಟ್ಟರು. ಪ್ರವೀಣಕುಮಾರ್ ಮೈಕಿನಲ್ಲಿ ಏನೋ ಹೇಳುತ್ತಿದ್ದ. ತಾಯಿಯನ್ನು ಬೆನ್ನ ಮೇಲೆ ಹೊತ್ತು ತಂದಿದ್ದವನು ಮೆಟ್ಟಿಲ ಹತ್ತಿರ ಬಂದು ಮೆಹನಾಜಳನ್ನು ಕೇಳಿದ: "ಅಕ್ಕಾರ, ಆ ಕೈ ಬಿಚ್ಚೋದು ಹೆಂಗ ಕಲಸಿದ್ರಿ?" ಅವಳು ಅಲ್ಲೇ ನೆಲದ ಮೇಲೆ ಕೂತು ಹೇಳತೊಡಗಿದಳು. ಇನ್ನೂ ನಾಲ್ಕೈದು ಮಂದಿ ಸುತ್ತ ಕೂತರು. ಬಣ್ಣದ ಕಾಗದವನ್ನು ಕೆಳಗೆ ಹಾಸಿಕೊಂಡು ಕೂತರು.

ಉಳಿದವರು ಸಾಲಿನಲ್ಲೇ ಇದ್ದರು. ಸಾಲು ಕರಗಲಿಲ್ಲ. ಅದನ್ನೂ ಬರೆಯಬೇಕು.

20 ಆಗಸ್ಟ್

ನಿನ್ನೆಯದು ಪೂರ್ತಿ ಬರೆದಿಲ್ಲ.

ಬಾಡಿಗೆ ಜೀಪಿನಲ್ಲಿ ಹಿಂದಕ್ಕೆ ಬಂದೆವು. ಭಾವ ಮುಂದೆ ಕೂತಿದ್ದರು. ಸಂತೆ ಮೈದಾನ ದಾಟುವಾಗ ಇವರು ಎಡಗೈಯಿಂದ ಭಾವನ ಬೆನ್ನಿಗೆ ಒಂದು ಗುದ್ದು ಹಾಕಿದರು. ಒಳ್ಳೇ ಗುದ್ದು. ಹುಣಸೆ ಮರ ಆ ಕಡೆ ಇದೆ. ಭಾವ ತಿರುಗದೆ, "ಬೈಯಲೇ, ಬೈಯಿ" ಎಂದರು. ಹೆಗಲು ಅಲುಗುತ್ತಿತ್ತು. ನಾನು ಹೊರಗೆ ನೋಡಿದೆ. ಸಿಟ್ಟು ಹೋಗಿಲ್ಲ.

ಆಮೇಲೆ ಭಾವ ತಮ್ಮ ವಲ್ಲಿಯನ್ನು ಹಿಂದಕ್ಕೆ ಕೊಟ್ಟರು, ಗಾಳಿ ಬಡಿಯುತ್ತದೆ ಎಂದು. ಇವರ ಮಡಿಲ ಮೇಲೆ ಹೊದಿಸಿದೆ. ನನ್ನ ಕೈ ಅದರೊಳಗಿತ್ತು. ಹಿಡಿದರು. ಸ್ವಲ್ಪ ಹೊತ್ತಾದ ಮೇಲೆ ಬಿಟ್ಟರು. ಮತ್ತೆ ಹಿಡಿದರು.

ಕೊಟ್ಟೂರು ಬರುವತನಕ ಎಷ್ಟು ಸಲ ಎಂದು ಮೆಹನಾಜ ಇವತ್ತು ಬೆಳಿಗ್ಗೆ ಕೇಳಿದಳು. ಲೆಕ್ಕ ಇಟ್ಟಿಲ್ಲ ಎಂದೆ.